ಗೆದ್ದ ನೆಲ, ಕೊಟ್ಟ ನೆಲ

ಲಿಂಗಸುಗೂರಿನ ನಮ್ಮ ಮನೆಯಲ್ಲಿ ಸೆಪ್ಟೆಂಬರ್ 17 ಬಂದಿತೆಂದರೆ ತಂದೆಯವರ ಮಾತು ನೆನಪಾಗದೆ ಇರದು. 1948ರಲ್ಲಿ ನಿಜಾಮರು ಶರಣಾದ ದಿನವದು. ತಂದೆಯವರಿಗೆ ಪತ್ರಿಕೆ ಓದುವ ಚಟ. "ನಿಜಾಮರು ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ರುಜು ಹಾಕಿದ ದಿನವೇ ಪ್ಯಾಲೆಸ್ಟೈನನ್ನು ಸೀಳಿದರು" ಎಂದು ಅವರು ಆಗಾಗ ಹೇಳುತ್ತಿದ್ದರು. ಮುದುಕರ ಕಲ್ಪನೆಯೆಂದು ನಾನು ನಕ್ಕಿದ್ದುಂಟು. ಆಮೇಲೆ ಪುಸ್ತಕ ತೆಗೆದು ನೋಡಿದರೆ ಮಾತು ನಿಜ: 1947ರ ನವೆಂಬರ್ 29. ಅಂದು ವಿಶ್ವಸಂಸ್ಥೆಯಲ್ಲಿ ವಿಭಜನೆಯ ಪರವಾಗಿ 33, ವಿರುದ್ಧವಾಗಿ 13 ಮತಗಳು ಬಿದ್ದವು. ಆ ಹದಿಮೂರರಲ್ಲಿ ನಮ್ಮದೂ ಒಂದು. ಮೂರೂವರೆ ತಿಂಗಳ ಹಿಂದೆ ತಾನೇ ಸೀಳಿಹೋಗಿದ್ದ ದೇಶ ಮತ್ತೊಂದು ಸೀಳಿಗೆ ಕೈಯೆತ್ತಲಿಲ್ಲ. ಮುಂದೆ 1950ರಲ್ಲಿ ಇಸ್ರೇಲಿಗೆ ಮನ್ನಣೆ ಕೊಟ್ಟೆವು. ಅದೂ ಸೆಪ್ಟೆಂಬರ್ 17ರಂದೇ! ಪ್ಯಾಲೆಸ್ಟೈನ್ ರಾಷ್ಟ್ರಕ್ಕೆ ಮನ್ನಣೆ ದೊರೆತದ್ದು 1988ರಲ್ಲಿ. ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧ 1992ರಲ್ಲಿ.

2025ರ ಆ ದಿನ ಧ್ವಜವಂದನೆ ಮುಗಿಸಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಐದು ದಿನಗಳ ಹಿಂದಿನ ಸುದ್ದಿಯಿದ್ದ ಪತ್ರಿಕೆ. ಎರಡು ರಾಷ್ಟ್ರಗಳ ಪರಿಹಾರವನ್ನು ಎತ್ತಿಹಿಡಿದ ನ್ಯೂಯಾರ್ಕ್ ಘೋಷಣೆಗೆ 142 ದೇಶಗಳು ಒಪ್ಪಿದ್ದವು; ಭಾರತವೂ ಒಪ್ಪಿತ್ತು. 2023ರ ನವೆಂಬರಿನಲ್ಲಿ ಇಸ್ರೇಲಿನ ವಸಾಹತುಗಳನ್ನು ಖಂಡಿಸಿದ ನಿರ್ಣಯಕ್ಕೂ ನಮ್ಮ ಮತ ಬಿದ್ದಿತ್ತು. ಆದರೆ 2024ರ ಸೆಪ್ಟೆಂಬರಿನಲ್ಲಿ, ಆಕ್ರಮಿತ ನೆಲವನ್ನು ಒಂದು ವರ್ಷದೊಳಗೆ ಬಿಡಬೇಕೆಂದಾಗ, ನಾವು ತಟಸ್ಥರು.

ಮಸ್ಕಿಯಲ್ಲಿ ಬಸ್ಸು ನಿಂತಾಗ ಗುಡ್ಡದ ಕಡೆ ನೋಡಿದೆ. 1915ರಲ್ಲಿ ಅಲ್ಲಿ ದೊರೆತ ಶಾಸನದಲ್ಲಿ ಬರಿಯ 'ದೇವಾನಾಂಪ್ರಿಯ' ಎಂದಲ್ಲ, ಅಶೋಕನೆಂಬ ಹೆಸರೇ ಇದೆ. ತನ್ನ ಮಾತಿಗೆ ತನ್ನ ಹೆಸರನ್ನೇ ಹಾಕಿದ ದೊರೆ! ತಟಸ್ಥ ಮತವನ್ನು ಯಾವ ಬಂಡೆಯ ಮೇಲೆ ಕೆತ್ತುವುದೋ ಎಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತು.

ನಾನು ಹೊರಟಿದ್ದುದು ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪಿಗೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಅರ್ಧ ಶತಮಾನದ ಹಿಂದೆ ಸರ್ಕಾರ ಅಲ್ಲಿ ಜಮೀನು ಕೊಟ್ಟಿತು. ಹುಡುಗರಾಗಿ ಬಂದವರೊಬ್ಬರು ನನಗೆ ಹಳೆಯ ಗೆಳೆಯರು. ಪತ್ರಿಕೆಯನ್ನು ಅವರೂ ಓದಿದ್ದರು.

"ಮಾಸ್ತರ್ರ, ಅಲ್ಲಿ ಬಂದು ಮನೆ ಕಟ್ಟೂದು ತಪ್ಪು ಅಂತೀರಿ. ನಾವೂ ಹೊರಗಿನಿಂದ ಬಂದು ಕಟ್ಟಿದವರ ಅಲ್ಲೇನ್ರಿ?"

ನಾನು ವಿವರಿಸಿದೆ: ನಿಮಗೆ ಸರ್ಕಾರ ತನ್ನದೇ ನೆಲವನ್ನು ಕೊಟ್ಟಿತು. ಅಲ್ಲಿಯದು 1967ರ ಯುದ್ಧದಲ್ಲಿ ಗೆದ್ದ ನೆಲ. ಗೆದ್ದವರು ಅಲ್ಲಿಗೆ ತಮ್ಮ ಜನರನ್ನು ತಂದು ಕೂರಿಸಬಾರದೆಂದು 1949ರ ಜಿನೀವಾ ಒಡಂಬಡಿಕೆಯಿದೆ. ಅದು ತನಗೆ ಅನ್ವಯಿಸದೆಂದು ಇಸ್ರೇಲ್ ವಾದಿಸುತ್ತದೆ. ಜಗತ್ತಿನ ಬಹುಪಾಲು ಒಪ್ಪುವುದಿಲ್ಲ.

"ಖರೇ. ಆದರ ನಾವು ಬರೂ ಮೊದಲು ಈ ನೆಲದಾಗ ಯಾರೂ ಇರಲಿಲ್ಲೇನ್ರಿ?"

ನಾನು ಉತ್ತರಿಸಲಿಲ್ಲ. ಆ ದಿಬ್ಬದಲ್ಲಿ ನನ್ನ ಸೋದರಮಾವನ ಕುರಿಗಳು ಮೇಯುತ್ತಿದ್ದವು. ಮೇವಿನ ನೆಲ ಹೋಯಿತೆಂದು ಮಾವ ವರ್ಷಗಟ್ಟಲೆ ಗೊಣಗಿದ್ದರು, ಅವರನ್ನು ಕೇಳಿದವರಿಲ್ಲ. ಈ ಸಂಗತಿಯನ್ನು ಗೆಳೆಯರಿಗೆ ನಾನು ಎಂದೂ ಹೇಳಿರಲಿಲ್ಲ. ಅಂದು ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋದ ವರ್ಷ ನಮ್ಮವರು ಯಾಕ ಮತ ಹಾಕಲಿಲ್ಲ?" ಎಂದರು.

"ಮಾತುಕತೆಯಿಂದಲೇ ಬಗೆಹರಿಯಬೇಕೆಂದು ಸರ್ಕಾರದ ನಿಲುವು."

ಹೇಳುತ್ತಿದ್ದಂತೆಯೇ ಆ ಉತ್ತರ ನನಗೆ ಸಪ್ಪೆಯೆನಿಸಿತು. ಮಾತುಕತೆ ಬೇಡವೆನ್ನಲಾರೆ. ಆದರೆ ನಮ್ಮ ಯಥಾಸ್ಥಿತಿ ಒಪ್ಪಂದದ ಕಾಲದಲ್ಲಿಯೂ ದಿಲ್ಲಿಯಲ್ಲಿ ಮಾತುಕತೆ ನಡೆಯುತ್ತಿತ್ತು, ಇಲ್ಲಿ ಹಳ್ಳಿಹಳ್ಳಿಗೆ ರಜಾಕಾರರು ನುಗ್ಗುತ್ತಿದ್ದರು. ಅಲ್ಲಿಯೂ ಮಾತು ಮುಂದುವರಿದಷ್ಟು ದಿನ ಗುಡ್ಡದ ಮೇಲೆ ಹೊಸ ಮನೆಗಳು ಏಳುತ್ತಲೇ ಬಂದಿವೆ. 'ಯಥಾಸ್ಥಿತಿ' ಎಂಬ ಪದವನ್ನು ತಂದೆಯವರು ಏಕೆ ಹಲ್ಲು ಕಚ್ಚಿ ಉಚ್ಚರಿಸುತ್ತಿದ್ದರೆಂಬುದು ಅಂದು ತಿಳಿಯಿತು.

ಹೊರಡುವಾಗ ಗೆಳೆಯರು ಸೋನಾ ಮಸೂರಿ ಅಕ್ಕಿಯ ಚಿಕ್ಕ ಚೀಲವನ್ನು ತಂದಿಟ್ಟರು.

"ನಿಮ್ಮ ಮಾವ ಇದ್ದಾರೇನ್ರಿ?"

"ಇಲ್ಲ, ತೀರಿಕೊಂಡು ಬಹಳ ವರ್ಷವಾಯಿತು."

"ಮಕ್ಕಳು?"

"ಇದ್ದಾರೆ."

"ಅವರಿಗೆ ಕೊಡ್ರಿ" ಎಂದು ಚೀಲವನ್ನು ತಾವೇ ಹೊತ್ತು ಬಸ್ಸಿನವರೆಗೆ ಬಂದರು.