ಅಪ್ಪಯ್ಯನ ಮಂಚ ಮತ್ತು ಹತ್ತಡಿ ರೈಲು

ಶಿರೂರಿನ ನಮ್ಮ ಮನೆಯ ಉಪ್ಪರಿಗೆಯಲ್ಲಿ ಒಂದು ಕೋಣೆ ಇದೆ. ಉದ್ದ ಹತ್ತಡಿ, ಅಗಲ ಒಂಬತ್ತಡಿ. ಒಂದು ಬಾಗಿಲು, ಒಂದು ಕಿಟಕಿ, ಒಂದು ಕಪಾಟು, ಮತ್ತೆ ಅಪ್ಪಯ್ಯನ ಮಂಚ. ಇಷ್ಟರೊಳಗೆ ರೈಲು ಓಡಿಸಬೇಕು ಅನ್ನೋದು ನನ್ನ ಬಹಳ ವರ್ಷದ ಹುಚ್ಚು. ನಗಬೇಡಿ ಮಾರಾಯ್ರೆ... ಇದು ಮಕ್ಕಳ ಆಟಿಕೆಯಲ್ಲ, ಅಳತೆಯ ಮಾದರಿ. ಎಚ್‌ಒ ಅಂತ ಕರೀತಾರೆ. ನಿಜವಾದ ರೈಲಿನ 87ನೇ ಒಂದು ಪಾಲು.

ಓಡಿಸೋದಾದ್ರೆ ನಮ್ಮೂರಿನ ರೈಲನ್ನೇ ಓಡಿಸಬೇಕಲ್ವಾ? ಟೇಪು ಹಿಡಿದು ಲೆಕ್ಕಕ್ಕೆ ಕೂತೆ. ಕೊಂಕಣ ರೈಲ್ವೆಯ ತಿರುವುಗಳನ್ನು ಸಾಮಾನ್ಯವಾಗಿ 1250 ಮೀಟರ್ ತ್ರಿಜ್ಯಕ್ಕೆ ವಿನ್ಯಾಸ ಮಾಡಿದ್ದಾರೆ. 87ರಿಂದ ಭಾಗಿಸಿದರೆ 14 ಮೀಟರ್ ಚಿಲ್ಲರೆ. ಅಂದ್ರೆ ರೈಲು ಒಂದು ಸುತ್ತು ಬರೋದಕ್ಕೆ ನಮ್ಮ ಮನೆ, ಅಂಗಳ, ಪಕ್ಕದವರ ತೆಂಗಿನ ತೋಟ ಎಲ್ಲ ಬೇಕು! ಒಂದು ಬೋಗಿಯೇ ಕಾಲು ಮೀಟರ್. ಇಪ್ಪತ್ತು ಬೋಗಿ ಕಟ್ಟಿದರೆ ಐದು ಮೀಟರ್. ಕೋಣೆ ಇರೋದೇ ಮೂರು ಮೀಟರ್.

ಸರಿ, ಹದಿನೆಂಟು ಇಂಚು ತ್ರಿಜ್ಯದ ಹಳಿ ಹಾಕಿದರೆ ನಾಲ್ಕಡಿ ಅಗಲದ ಮೇಜು ಸಾಕು. ಆದರೆ ಮೇಜು ಬರಬೇಕಾದರೆ ಮಂಚ ಹೋಗಬೇಕು. ಅಮ್ಮನನ್ನು ಕೇಳಿದೆ.

"ಬೇರೆ ಎಂತ ಬೇಕಾರೂ ಮಾಡ್ಕೊ ಮಗಾ, ಮಂಚ ಮಾತ್ರ ಅಲುಗಾಡ್ಸೂಕಿಲ್ಲ."

ಸಿಟ್ಟು ಬಂತು. ಅಪ್ಪಯ್ಯ ಹೋಗಿ ಐದು ವರ್ಷ ಆಯ್ತು, ಅದರ ಮೇಲೆ ಯಾರೂ ಮಲಗೋದಿಲ್ಲ. ಎರಡು ದಿನ ಅಮ್ಮನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅಪ್ಪಯ್ಯ ಲಾರಿ ಡ್ರೈವರ್. ತಿಂಗಳಲ್ಲಿ ನಾಲ್ಕು ರಾತ್ರಿ ಮನೆಯಲ್ಲಿ ಮಲಗಿದರೆ ಹೆಚ್ಚು. ಕೊಂಕಣ ರೈಲ್ವೆಯವರು ಲಾರಿಗಳನ್ನೇ ರೈಲಿನ ಮೇಲೆ ಹೊತ್ತೊಯ್ಯುವ ರೋ ರೋ ಶುರು ಮಾಡಿದ್ದು 1999ರಲ್ಲಿ. ಆಮೇಲೆ ಅದು ಸುರತ್ಕಲ್‌ವರೆಗೂ ಬಂತು. ಒಮ್ಮೆ ಅಪ್ಪಯ್ಯ ಸುರತ್ಕಲ್‌ನಲ್ಲಿ ಲಾರಿ ಹತ್ತಿಸಿ ಕೋಲಾಡ್‌ಗೆ ಹೋಗಿದ್ದರು. ಲಾರಿಯೊಳಗೇ ನಿದ್ದೆ. "ನಮ್ಮ ಶಿರೂರು ದಾಟಿದ್ದೇ ಗೊತ್ತಾಯ್ಲಿಲ್ಲ ಕಾಣ್" ಅಂತ ಬಂದು ಹೇಳಿದ್ದರು. ಆ ರಾತ್ರಿ ಅಮ್ಮ ರೈಲಿನ ಸದ್ದು ಕೇಳ್ತಾ ಎಚ್ಚರವಾಗೇ ಇದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಮೂರನೇ ದಿನ.

ಹಳೇ ನಕ್ಷೆ ಹರಿದು ಹಾಕಿದೆ.

ಈಗ ಮೇಜಿಲ್ಲ. ಗೋಡೆಗೆ ಒಂದಡಿ ಅಗಲದ ಹಲಗೆ, ಮಂಚದ ಮೇಲ್ಗಡೆ, ನೆಲದಿಂದ ನಾಲ್ಕಡಿ ಎತ್ತರಕ್ಕೆ. ಮೂಲೆಯಲ್ಲಿ ಮಾತ್ರ ತಿರುವಿಗೆ ಸ್ವಲ್ಪ ಅಗಲ. ಕಪಾಟನ್ನು ಆರಿಂಚು ಮುಂದಕ್ಕೆ ಎಳೆದರೆ ಅದರ ಹಿಂದೆಯೇ ಸುರಂಗ! ರೈಲು ಸುತ್ತು ಹಾಕೋದಿಲ್ಲ, ಹೋಗ್ತದೆ, ಬರ್ತದೆ. ಇಂಜಿನ್ನು, ಲಾರಿ ಹೊತ್ತ ಐದು ವ್ಯಾಗನ್ನು, ಒಟ್ಟು ಒಂದು ಮೀಟರ್. ಮಳೆಗಾಲದಲ್ಲಿ ಪ್ಲೈವುಡ್ ಸೊಟ್ಟಗಾಗದ ಹಾಗೆ ಎರಡೂ ಬದಿಗೆ ವಾರ್ನಿಶ್. ಕರೆಂಟು ತಂತಿ ಇಲ್ಲ. ಕೊಂಕಣ ರೈಲ್ವೆ ಪೂರ್ತಿ ವಿದ್ಯುತ್ತಿಗೆ ಬದಲಾದದ್ದು 2022ರಲ್ಲಿ, ನನ್ನದು ಅಪ್ಪಯ್ಯನ ಕಾಲದ ಡೀಸೆಲ್ ರೈಲು.

ಮೊನ್ನೆ ಅಮ್ಮ ಮೇಲೆ ಬಂದು ಮಂಚದ ಮೇಲೆ ಕೂತು ಹಲಗೆ ನೋಡಿದಳು.

"ಲಾರಿ ರೈಲು ಶಿರೂರಂಗೆ ನಿಲ್ಲತ್ತಾ?"

ಲಾರಿ ಹತ್ತಿಸಿ ಇಳಿಸೋದು ಸುರತ್ಕಲ್, ವೆರ್ಣಾ, ಕೋಲಾಡ್‌ನಲ್ಲಿ, ಶಿರೂರಿನಲ್ಲಲ್ಲ ಅಂತ ಹೇಳಬಹುದಿತ್ತು.

"ನಿಲ್ಲತ್ತ್ ಅಮ್ಮ" ಅಂದೆ. ಸ್ಟೇಷನ್ನಿನ ಜಾಗವನ್ನು ಮಂಚದ ತಲೆದಿಂಬಿನ ನೇರಕ್ಕೆ ಗುರುತು ಹಾಕಿದ್ದೇನೆ.