ಮಸ್ಕಿಯ ಶಾಸನವೂ ಹಟ್ಟಿಯ ಒರಳುಗಳೂ

ದಟ್ಟಗಳ್ಳಿಯಲ್ಲಿರುವ ನಮ್ಮ ಮನೆಯ ಪಕ್ಕದ ನಿವೇಶನದಲ್ಲಿ ಕಳೆದ ತಿಂಗಳು ಪಾಯ ತೋಡಲು ಆರಂಭಿಸಿದರು. ಕೆಂಪು ಮಣ್ಣಿನ ಕೆಳಗಿಂದ ಬಿಳಿಯ ಬೆಣಚುಕಲ್ಲಿನ ತುಂಡುಗಳು ಬಂದವು. ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಅಂತಹ ಒಂದು ತುಂಡನ್ನು ಎತ್ತಿಕೊಂಡು, ಬಿಸಿಲಿಗೆ ಹಿಡಿದು, ಎರಡೂ ಮಗ್ಗುಲು ತಿರುವಿ ನೋಡಿ ಎಸೆದರು. ಏನು ನೋಡಿದಿರೆಂದು ಕೇಳಿದೆ. "ಏನಿಲ್ರೀ ಸರ, ರೂಢಿ. ನಮ್ಮದು ಹಟ್ಟಿ ಕಡೀ ಊರು. ಬಿಳಿಕಲ್ಲು ಕಂಡ್ರ ಬಂಗಾರದ ಎಳಿ ಐತೇನಂತ ಕಣ್ಣು ಹೋಗ್ತದ" ಎಂದು ನಕ್ಕರು.

ಅವರು ನಕ್ಕರು, ನನಗೆ ನಗು ಬರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ಒಂದು ಅಧ್ಯಾಯ ನೆನಪಾಯಿತು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೂ ಮಸ್ಕಿಗೂ ನಡುವೆ ದೂರ ಹೆಚ್ಚಿಲ್ಲ. ಎರಡೂ ಒಂದೇ ಶಿಲಾಪಟ್ಟಿಯ ಮೇಲಿವೆ. ಭೂವಿಜ್ಞಾನಿಗಳು ಅದನ್ನು ಹಟ್ಟಿ-ಮಸ್ಕಿ ಪಟ್ಟಿ ಎಂದೇ ಕರೆಯುತ್ತಾರೆ. ಆ ಶಿಲೆಯಲ್ಲಿ ಹಾಯ್ದುಹೋದ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಅಕ್ಷರಗಳಿದ್ದ ಬಂಡೆಯೊಂದನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನಿಂದಷ್ಟೇ ತಿಳಿದಿದ್ದ ಅರಸನ ಸ್ವಂತ ಹೆಸರು ಅಶೋಕನೆಂಬುದು ಕಲ್ಲಿನ ಮೇಲೆ ಮೊದಲ ಬಾರಿಗೆ ಕಂಡದ್ದು ಅಲ್ಲಿಯೇ. ಗುಜರ್ರಾ, ನಿಟ್ಟೂರು, ಉದೇಗೊಳಂಗಳಲ್ಲಿ ಆ ಹೆಸರು ದೊರೆತದ್ದು ಅನಂತರ.

ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಚಿನ್ನ ಹುಡುಕಲು ಹೋದವನಿಗೆ ಅಶೋಕ ಸಿಕ್ಕನೆಂದು ಮುಗಿಸುತ್ತಿದ್ದೆ. ಚಿನ್ನ ನೆಪ, ಶಾಸನವೇ ಫಲ ಎಂಬುದು ಆ ಮಾತಿನ ಒಳಗಿನ ಅರ್ಥ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು.

ಒಬ್ಬಳು ಮಾತ್ರ ಬರೆದುಕೊಳ್ಳದೆ ಕೇಳಿದಳು: "ಅಶೋಕ ಅಲ್ಲಿಗೆ ಯಾಕೆ ಬಂದ ಸರ?" ಅವಳು ರಾಯಚೂರು ಜಿಲ್ಲೆಯವಳು, ಅಜ್ಜ ಗಣಿಯಲ್ಲಿ ದುಡಿದವರು. ಮುಂದೆ ನನ್ನ ಮಾರ್ಗದರ್ಶನದಲ್ಲಿಯೇ ಆ ಭಾಗದ ಶಾಸನಗಳನ್ನು ಕುರಿತು ಸಂಶೋಧನೆಗೆ ತೊಡಗಿದಳು. ಪ್ರಬಂಧದ ಕರಡಿನಲ್ಲಿ ಶಾಸನಗಳಿಗೆ ಸಂಬಂಧವಿಲ್ಲದ ಅಧ್ಯಾಯವೊಂದಿತ್ತು. ತನ್ನೂರಿನ ಹೊಲಗಳ ಅಂಚಿನಲ್ಲಿ ಬಿದ್ದಿದ್ದ ಕಲ್ಲೊರಳುಗಳನ್ನು, ಬೆಣಚುಕಲ್ಲನ್ನು ಕುಟ್ಟಿ ಅರೆದು ಸವೆದ ಬಂಡೆಗುಳಿಗಳನ್ನು ಅವಳು ಒಂದೊಂದಾಗಿ ವಿವರಿಸಿದ್ದಳು. ಪುಡಿಯನ್ನು ನೀರಿನಲ್ಲಿ ತೊಳೆದು ಚಿನ್ನ ಬೇರ್ಪಡಿಸುವ ಕ್ರಮವನ್ನು ಹಿರಿಯರಿಂದ ಕೇಳಿ ಬರೆದಿದ್ದಳು. ಕಪ್ಪತಗುಡ್ಡದ ಹಳ್ಳಗಳಲ್ಲಿ ಚಿನ್ನ ತೊಳೆಯುತ್ತಿದ್ದವರಿಗೆ ಜಾಲಗಾರರೆಂಬ ಹೆಸರಿರುವುದನ್ನೂ, ನಮ್ಮ ಮನೆಗಳಲ್ಲಿ ಕಲ್ಲು ತೆಗೆಯಲು ಅಕ್ಕಿ ಜಾಲಿಸುವುದನ್ನೂ ಒಟ್ಟಿಗಿಟ್ಟು ನೋಡಿದ್ದಳು. ಒರಳುಗಳ ಅಗಲ, ಆಳಗಳನ್ನು ಗೇಣು, ಬೆರಳುಗಳಲ್ಲಿ ಕೊಟ್ಟಿದ್ದಳು.

"ಇದು ಅಳತೆಯೇ?" ಎಂದು ನಾನು ಅಂಚಿನಲ್ಲಿ ಬರೆದೆ. ಕೊನೆಯಲ್ಲಿ, "ಇಲ್ಲಿ ಒಂದು ಅಕ್ಷರವೂ ಇಲ್ಲ. ಶಾಸನಾಧ್ಯಯನದಲ್ಲಿ ಇದಕ್ಕೆ ಸ್ಥಳವಿಲ್ಲ" ಎಂದು ಬರೆದು ಅಡ್ಡಗೆರೆ ಎಳೆದೆ. ಅವಳು ವಾದಿಸಲಿಲ್ಲ. ಅಧ್ಯಾಯವನ್ನು ತೆಗೆದಳು, ಪದವಿಯೂ ಬಂತು.

ಅವಳ ಪ್ರಶ್ನೆ ಸರಿಯಾದದ್ದೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಬ್ರಹ್ಮಗಿರಿಯ ಶಾಸನ ಹೊರಟದ್ದು ಸುವರ್ಣಗಿರಿಯಲ್ಲಿದ್ದ ರಾಜಪುತ್ರನ ಆಜ್ಞೆಯಿಂದ. ಆ ಸುವರ್ಣಗಿರಿ ಕನಕಗಿರಿಯೋ, ಮಸ್ಕಿಯ ಪರಿಸರವೋ, ಆಂಧ್ರದ ಜೊನ್ನಗಿರಿಯೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಹೆಸರಿನಲ್ಲಿಯೇ ಚಿನ್ನವಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೌರ್ಯರ ಆಡಳಿತವನ್ನು ಇಷ್ಟು ದಕ್ಷಿಣಕ್ಕೆ ಎಳೆದ ಕಾರಣಗಳಲ್ಲಿ ಈ ನೆಲದ ಚಿನ್ನವೂ ಒಂದೆಂದು ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಹಾಗಿದ್ದರೆ ನಾನು ಫಲವೆಂದು ಬಗೆದದ್ದು ನೆಪ. ನೆಪವೆಂದು ಬಿಟ್ಟದ್ದೇ ಕಾರಣ.

ಗಣಿಯನ್ನು ಓದುವುದಕ್ಕೂ ಒಂದು ಲಿಪಿಶಾಸ್ತ್ರವಿದೆ. ಎಫ್. ಆರ್. ಆಲ್ಚಿನ್ 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯನ್ನು ಕುರಿತು ದೀರ್ಘ ಲೇಖನ ಬರೆದರು. ಬಂಡೆಗೆ ಒಡ್ಡಿ ಬೆಂಕಿ ಹಾಕಿ, ಕಾದ ಮೇಲೆ ನೀರೆರಚಿ, ಬಿರುಕು ಬಿಟ್ಟ ಕಲ್ಲನ್ನು ಕೀಳುವುದು ಹಳೆಯ ವಿಧಾನ. ಹಾಗೆ ತೆರೆದ ಗೋಡೆ ನುಣುಪಾಗಿ ಒಳಬಾಗಿರುತ್ತದೆ. ಬುಡದಲ್ಲಿ ಇದ್ದಿಲು, ಬೂದಿ ಉಳಿಯುತ್ತವೆ. ಹಟ್ಟಿಯ ಹಳೆಯ ಗಣಿಯಲ್ಲಿ ದೊರೆತ ಮರದ ಕಾಲವನ್ನು ಇಂಗಾಲದ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಕ್ಕೆ ಒಯ್ಯುತ್ತದೆ. ಆ ಹಳೆಯ ಅಗೆತ 640 ಅಡಿ ಆಳಕ್ಕೆ ಇಳಿದಿತ್ತು. ಶ್ರವಣಬೆಳಗೊಳದ 58 ಅಡಿಯ ಬಾಹುಬಲಿಯಂತಹ ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹನ್ನೊಂದು ಹಿಡಿಸುವಷ್ಟು ಆಳ. ಸಿಡಿಮದ್ದಿಲ್ಲ, ನೀರೆತ್ತುವ ಯಂತ್ರವಿಲ್ಲ, ಹೊಗೆ ಹೊರಹೋಗಲು ದಾರಿ ಅಷ್ಟಕ್ಕಷ್ಟೆ. ಬೆಳಗೊಳದ ಮೂರ್ತಿಯ ಪಾದದ ಬಳಿ ಮಾಡಿಸಿದ ಚಾವುಂಡರಾಯನ ಹೆಸರಿದೆ, ಕಡೆದವನ ಹೆಸರಿಲ್ಲ ಎಂದು ನಾವು ಕೊರಗುತ್ತೇವೆ. ಹಟ್ಟಿಯ ಆಳದಲ್ಲಿ ಯಾರ ಹೆಸರೂ ಇಲ್ಲ. ಅದಕ್ಕಾಗಿ ಕೊರಗಿದವರೂ ಇಲ್ಲ.

ಇಂಗ್ಲೆಂಡಿನ ನೈಋತ್ಯದಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ ಬೋಳು ಬಯಲು ಇದೆ. ಮಧ್ಯಯುಗದಲ್ಲಿ ಜನ ಅಲ್ಲಿನ ಹಳ್ಳಗಳ ಮಣ್ಣನ್ನು ತೊಳೆದು ತವರ ತೆಗೆದರು. ಹೊರಚೆಲ್ಲಿದ ಕಲ್ಲಿನ ದಿಬ್ಬಗಳು, ನೀರು ತಂದ ಕಿರುಗಾಲುವೆಗಳು, ಪಾಳುಬಿದ್ದ ಕರಗುಮನೆಗಳು ಇಂದಿಗೂ ಕಾಣುತ್ತವೆ. ನೀರಿನ ಚಕ್ರದಿಂದ ಎದ್ದು ಬೀಳುತ್ತಿದ್ದ ಒನಕೆಗಳ ಕೆಳಗೆ ಗುಳಿಬಿದ್ದ ಕಲ್ಲುಗಳನ್ನು ಅಲ್ಲಿನ ಪುರಾತತ್ತ್ವಜ್ಞರು ಹುಡುಕಿ, ಅಳೆದು, ನಕ್ಷೆಯಲ್ಲಿ ಗುರುತಿಸಿದ್ದಾರೆ. ಅವುಗಳ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಅವಳ ಒರಳುಗಳೇ. ನೆರೆಯ ಕಾರ್ನ್‌ವಾಲಿನಲ್ಲಿ 19ನೆಯ ಶತಮಾನದಲ್ಲಿ ತಾಮ್ರ, ತವರಗಳ ಗಣಿಗಳು ಸೊರಗಿದಾಗ ಅಲ್ಲಿನ ಗಣಿಗಾರರು ಲೋಕದ ನಾನಾ ಕಡೆಗೆ ಚದುರಿದರು. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಅವರಲ್ಲಿ ಹಲವರು ಕೋಲಾರಕ್ಕೂ ಬಂದರು. 2006ರಲ್ಲಿ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪರಿಸರ ವಿಶ್ವಪರಂಪರೆಯ ಪಟ್ಟಿ ಸೇರಿತು. ಅದಕ್ಕೆ ಐದು ವರ್ಷ ಮೊದಲು, 2001ರಲ್ಲಿ, ಕೋಲಾರದ ಗಣಿಗಳು ಮುಚ್ಚಿದ್ದವು.

ನಮ್ಮ ಶಾಸನಗಳಲ್ಲಿ ಚಿನ್ನಕ್ಕೆ ಬರವಿಲ್ಲ. ಇಷ್ಟು ಗದ್ಯಾಣ, ಇಷ್ಟು ಪಣ, ಇಷ್ಟು ಹಾಗ ಎಂದು ಬಸದಿಗೂ ದೇಗುಲಕ್ಕೂ ಬಿಟ್ಟ ದತ್ತಿಯ ಲೆಕ್ಕ ವೀಸದವರೆಗೆ ಇರುತ್ತದೆ. ಆ ಲೆಕ್ಕವನ್ನು ಓದುತ್ತ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಕೊಟ್ಟವರು ಯಾರು, ಪಡೆದವರು ಯಾರು, ಅಳಿದವರಿಗೆ ಯಾವ ಪಾಪ ಎಂದೆಲ್ಲ ಕೇಳಿದ್ದೇನೆ. ಆ ಗದ್ಯಾಣದ ಚಿನ್ನವನ್ನು ಕುಟ್ಟಿದವರು ಯಾರೆಂದು ಕೇಳಿರಲಿಲ್ಲ. ಕೇಳಿದವಳನ್ನು ತಡೆದೆ.

ಅಂದು ಸಂಜೆ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿದೆ. ಕರಡು ಸಿಕ್ಕಿತು, ಹಾಳೆಗಳು ಹಳದಿಯಾಗಿವೆ, ನನ್ನ ಕೆಂಪು ಗೆರೆ ಮಾತ್ರ ಮಾಸಿಲ್ಲ. ಅವಳು ಈಗ ಕಾಲೇಜೊಂದರಲ್ಲಿ ಅಧ್ಯಾಪಕಿ. ದೂರವಾಣಿಯಲ್ಲಿ ಮಾತನಾಡಿಸಿ, ಅಂದು ನಾನು ಮಾಡಿದ್ದು ತಪ್ಪೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ಒರಳುಗಳು ಈಗ ಇಲ್ಲ ಸರ. ಹೊಲ ಸಮ ಮಾಡುವಾಗ ಒಡೆದು ಒಡ್ಡಿಗೆ ಹಾಕಿದರು. ನನ್ನ ಪ್ರತಿಯೂ ಮನೆ ಬದಲಿಸುವಾಗ ಕಳೆದುಹೋಯಿತು. ನಿಮ್ಮಲ್ಲಿ ಇದೆಯೇ?"

ಇದೆ ಎಂದೆ. ಆದರೆ ಅಳತೆಗಳೆಲ್ಲ ಗೇಣು, ಬೆರಳುಗಳಲ್ಲಿವೆಯಲ್ಲ ಎಂದು ಅಳುಕುತ್ತಲೇ ಸೇರಿಸಿದೆ.

"ನನ್ನ ಗೇಣು ಎಲ್ಲಿಗೂ ಹೋಗಿಲ್ಲ ಸರ" ಎಂದಳು.

ಮರುದಿನ ಒಂದು ಚಿತ್ರ ಕಳುಹಿಸಿದಳು: ಹಿಗ್ಗಿಸಿದ ಅಂಗೈ, ಅದರ ಕೆಳಗೆ ಶಾಲೆಯ ಮಕ್ಕಳ ಅಳತೆಪಟ್ಟಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಹತ್ತೊಂಬತ್ತು ಸೆಂಟಿಮೀಟರು. ಈಗ ದಿನಕ್ಕೆರಡು ಪುಟದಂತೆ ಆ ಅಧ್ಯಾಯವನ್ನು ಬೆರಳಚ್ಚು ಮಾಡುತ್ತಿದ್ದೇನೆ. ಅವಳ ಹೆಸರಿನಲ್ಲಿಯೇ ಪ್ರಕಟವಾಗಬೇಕು. ಗೇಣುಗಳನ್ನು ಮೂಲದಲ್ಲಿ ಇದ್ದಂತೆಯೇ ಉಳಿಸಿ, ಸೆಂಟಿಮೀಟರುಗಳನ್ನು ಪಕ್ಕದಲ್ಲಿ ಕೊಡುತ್ತಿದ್ದೇನೆ.