ಎರಡನೇ ಸಿಲಿಂಡರಿನ ಮೌನ

ಬಾನೆಟ್ ಎತ್ತಿದ್ದಾರೆ. ಏನನ್ನೂ ಮುಟ್ಟಬೇಡಿ, ಮೊದಲು ಕೇಳಿ. ಮೂರು ಬಡಿತ, ಒಂದು ಖಾಲಿ. ಮತ್ತೆ ಮೂರು, ಮತ್ತೆ ಖಾಲಿ. ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಆ ಕುಂಟುನಡೆಗೆ ಅಲುಗುತ್ತಿವೆ.

ನೀವು ನಿಂತಿರುವುದು ನಿಗಡಿಯಲ್ಲಿ, ಹಳೆಯ ಪುಣೆ–ಮುಂಬಯಿ ರಸ್ತೆಯಿಂದ ಎರಡು ತಿರುವು ಒಳಗಿರುವ ತಗಡಿನ ಗ್ಯಾರೇಜಿನಲ್ಲಿ. ತುಕಾರಾಮರ ಪಾಲಕಿ ದೇಹುವಿನಿಂದ ಈ ದಾರಿಯಲ್ಲೇ ಆಕುರ್ಡಿಗೆ ಹೋಗಿ ವಾರವಾಯಿತು. ಮಳೆ ಮಾತ್ರ ಹೋಗಿಲ್ಲ. ಭಕ್ತಿ–ಶಕ್ತಿ ಚೌಕದ 107 ಮೀಟರ್ ಧ್ವಜಸ್ತಂಭದ ತುದಿ ಮೋಡದೊಳಗೆ ಸೇರಿಕೊಂಡಿದೆ. ತಗಡಿನ ಮೇಲಿನ ಸದ್ದು ಸ್ವಲ್ಪ ಇಳಿಯಲಿ ಎಂದು ಮೇಸ್ತ್ರಿ ಕಾಯುತ್ತಿದ್ದಾರೆ. ಇಂಜಿನ್ನಿನ ದನಿ ಕೇಳಿಸಬೇಕಲ್ಲ.

ಕಾರು ಬಾಡಿಗೆಯದು, ಸಿಎನ್‌ಜಿ. ಚಾಲಕ ಮರಾಠಿಯಲ್ಲಿ ಕಷ್ಟ ಹೇಳಿಕೊಳ್ಳುತ್ತಾನೆ: ನಿನ್ನೆ ರಾತ್ರಿಯಿಂದ ಎಳೆತವಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಟುಕುತ್ತಿದೆ. ಪ್ಲಗ್ಗಿಗೆ ಕಿಡಿ ಕೊಡುವ ನಾಲ್ಕೂ ಕಾಯಿಲ್ ಬದಲಿಸಬೇಕೆಂದು ಬೇರೆಲ್ಲೋ ಹೇಳಿದ್ದಾರಂತೆ. ಮೇಸ್ತ್ರಿ ಅವನಿಗೆ ಮರಾಠಿಯಲ್ಲೇ ಧೈರ್ಯ ಹೇಳಿ, ಹುಡುಗನ ಕಡೆ ತಿರುಗಿ ವಿಜಯಪುರದ ಕನ್ನಡಕ್ಕೆ ಇಳಿಯುತ್ತಾರೆ. “ದೀಪ ಸುಮ್ನ ಹತ್ತಿದ್ರ ನಾಳಿ ನೋಡೂಣು ಅನಬಹುದು. ಮಿಟುಕಾಕ ಹತ್ತಿದ್ರ ಗಾಡಿ ಓಡಸಬಾರ್ದು. ಉರೀಲಾರದ ಗ್ಯಾಸ್ ಸೈಲೆನ್ಸರ್ ಕಡಿ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡತೈತಿ.”

ಹುಡುಗ ಐಟಿಐ ಮುಗಿಸಿ ಬಂದವನು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ಪರದೆಯ ಮೇಲೆ ಪಿ0302: ಎರಡನೇ ಸಿಲಿಂಡರ್ ಉರಿಯುತ್ತಿಲ್ಲ. ಕಾರಿನ ಕಂಪ್ಯೂಟರಿಗೆ ಸಿಲಿಂಡರಿನ ಒಳಗೆ ನೋಡುವ ಕಣ್ಣಿಲ್ಲ. ಪ್ರತಿ ಉರಿಗೂ ಕ್ರ್ಯಾಂಕ್‌ಶಾಫ್ಟಿಗೆ ಒಂದು ತಳ್ಳು ಸಿಗಬೇಕು. ಸಿಗದಿದ್ದಾಗ ಅದು ಕೂದಲೆಳೆಯಷ್ಟು ನಿಧಾನವಾಗುತ್ತದೆ, ಸೆನ್ಸರ್ ಅದನ್ನು ಹಿಡಿದುಬಿಡುತ್ತದೆ. ನಿಂತಲ್ಲೇ 800 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ ಉರಿಯಬೇಕು. ನೀವು ಕೇಳಿದ ಆ ‘ಖಾಲಿ’ ಅಷ್ಟು ಸಲ.

“ಕಾಯಿಲ್ ತರ್ಲೇನು ಮಾಮಾ?”

“ಯಾವುದು ಕೆಟ್ಟೈತಿ ಅಂತ ಕೋಡ್ ಹೇಳಿಲ್ಲ. ಎಲ್ಲಿ ಅಂತ ಅಷ್ಟ ಹೇಳೈತಿ.”

ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದೇ: ಬದಲಿಸುವ ಮೊದಲು ಕಂಡುಹಿಡಿಯುವುದು. ಮುಂದಿನ ಅರ್ಧ ಗಂಟೆ ಒಂದು ಪೈಸೆಯ ಸಾಮಾನೂ ಖರ್ಚಾಗುವುದಿಲ್ಲ.

ಮೊದಲು ಗ್ಯಾಸ್ ಬಿಟ್ಟು ಪೆಟ್ರೋಲಿಗೆ ಹಾಕಿಸುತ್ತಾರೆ. ಕುಂಟುವುದು ನಿಲ್ಲಲಿಲ್ಲ. ಗ್ಯಾಸಿನ ಇಂಜೆಕ್ಟರ್ ಬೇರೆ, ಪೆಟ್ರೋಲಿನದು ಬೇರೆ. ಎರಡೂ ಒಟ್ಟಿಗೆ ಕೆಡುವುದು ಅಪರೂಪ. ಹಾಗಾದರೆ ಇಂಧನವಲ್ಲ, ಕಿಡಿಯನ್ನೇ ನೋಡಬೇಕು. ಇಗ್ನಿಷನ್ ಬಂದ್. ಎರಡರ ಕಾಯಿಲ್ ಮೂರಕ್ಕೆ, ಮೂರರದು ಎರಡಕ್ಕೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಅದರ ಬೆನ್ನಿಗೇ ಪಿ0303 ಆಗಬೇಕು. ಆಗಲಿಲ್ಲ. ಇಂಜಿನ್ ತಣಿಯುವವರೆಗೆ ಚಹಾ. ಬಿಸಿ ಅಲ್ಯೂಮಿನಿಯಮ್ಮಿನಿಂದ ಪ್ಲಗ್ ಬಿಚ್ಚಿದರೆ ತಿರುಪಿನ ಸುತ್ತುಗಳೇ ಕಿತ್ತುಬರಬಹುದು. ಆಮೇಲೆ ಪ್ಲಗ್ಗೂ ಅದಲು ಬದಲು. ಪಿ0302 ಅಲ್ಲೇ ಕೂತಿದೆ. ಹುಡುಗನ ಮುಖ ಸಣ್ಣದಾಗುತ್ತದೆ.

ಈಗ ಮೇಸ್ತ್ರಿಯ ಬೆರಳು ನೋಡಿ. ಓಡುತ್ತಿರುವ ಇಂಜಿನ್ನಿನ ಮೇಲೆ ವೈರಿನ ಗಂಟನ್ನು ಹಿಡಿದು, ಮಗುವಿನ ಕೈ ಹಿಡಿದ ಹಾಗೆ, ಅಂಗುಲ ಅಂಗುಲವಾಗಿ ಸರಿಸುತ್ತಾ ಬರುತ್ತಾರೆ. ಎರಡನೇ ಕಾಯಿಲಿನ ಸಾಕೆಟ್ ಬಳಿ ಹೆಬ್ಬೆರಳು ತುಸು ಒತ್ತಿದ್ದೇ ತಡ, ಖಾಲಿ ತುಂಬಿತು! ನಾಲ್ಕು ಬಡಿತ, ಸಮ. ಬೆರಳು ಬಿಟ್ಟರೆ ಮತ್ತೆ ಮೂರು.

ಇಂಜಿನ್ ಬಂದ್ ಮಾಡಿ ಸಾಕೆಟ್ ಕಳಚಿ ಬೆಳಕಿಗೆ ಹಿಡಿದರೆ ಒಳಗೆ ಹಸಿರು. ಕಿಲುಬು. ಹುಣಸೆಹಣ್ಣು ಹಚ್ಚದೆ ಬಿಟ್ಟ ತಾಮ್ರದ ತಂಬಿಗೆಯ ಮೇಲೆ ಕಟ್ಟುತ್ತದಲ್ಲ, ಅದೇ.

“ಇಂಜಿನ್ ಮ್ಯಾಲ ನೀರ್ ಹೊಡಿಸೀರೇನು?” ಚಾಲಕನಿಗೆ ಮರಾಠಿಯಲ್ಲಿ ಇದೇ ಪ್ರಶ್ನೆ. ಹೌದಂತೆ, ವಾಷಿಂಗ್ ಸೆಂಟರಿನಲ್ಲಿ, ಪ್ರೆಶರ್ ಪೈಪಿನಿಂದ.

ಹೊಸ ಟರ್ಮಿನಲ್ ಒತ್ತಿ ಕೂರಿಸುವ ಕೆಲಸ ಹುಡುಗನಿಗೆ ಸಿಗುತ್ತದೆ. ಮೇಸ್ತ್ರಿ ಟಾರ್ಚ್ ಹಿಡಿದು ತಮ್ಮ ತಂದೆಯ ಮಾತು ತೆಗೆಯುತ್ತಾರೆ. ಪಕ್ಕದ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಚೇತಕ್ ಸ್ಕೂಟರುಗಳನ್ನು ಅವರು ಇದೇ ಜಾಗದಲ್ಲಿ ಬಿಚ್ಚಿ ಜೋಡಿಸುತ್ತಿದ್ದರು. ಒಂದು ಸಿಲಿಂಡರ್, ಒಂದು ಪ್ಲಗ್. ಓರೆ ಮಾಡಿ ಕಿಕ್ ಹೊಡೆದರೆ ಹೊರಟಿತು. ಅದೇ ಆಕುರ್ಡಿಯಲ್ಲಿ 2022ರಿಂದ ವಿದ್ಯುತ್ ಚೇತಕ್ ತಯಾರಾಗುತ್ತಿದೆ, ಅದಕ್ಕೆ ಪ್ಲಗ್ಗೇ ಇಲ್ಲ.

“ಅವು ಬಂದಮ್ಯಾಲ ನಮಗೇನು ಕೆಲಸ ಮಾಮಾ?” ಹುಡುಗ ತಲೆ ಎತ್ತದೆ ಕೇಳುತ್ತಾನೆ. ಬಹಳ ದಿನದಿಂದ ಒಳಗಿದ್ದ ಪ್ರಶ್ನೆ ಎಂದು ದನಿಯೇ ಹೇಳುತ್ತದೆ.

“ಪ್ಲಗ್ ಹೋಗತೈತಿ. ವೈರ್ ಎಲ್ಲಿಗಿ ಹೋಗತೈತಿ? ಆದರ ಅದರಾಗಿನ ಕರೆಂಟ್ ಜೀವಾ ತಗೊಳ್ಳೂವಂಥಾದ್ದು. ಅದನ್ನ ಕಲತs ಮುಟ್ಟಬೇಕು. ಮೊದಲ ಟ್ರೇನಿಂಗ್, ಆಮ್ಯಾಲ ಕೈ.”

ಕೋಡ್ ಅಳಿಸಿಯಾಯಿತು. ದೀಪ ಆರಿದೆ. ಚಾಲಕ ಹಿಂದಿನ ಸೀಟಿನಲ್ಲಿ, ಹುಡುಗ ಸ್ಟಿಯರಿಂಗ್ ಹಿಡಿದು, ಮೇಸ್ತ್ರಿ ಪಕ್ಕದಲ್ಲಿ. ಭಕ್ತಿ–ಶಕ್ತಿ ಚೌಕದವರೆಗೆ ಒಂದು ಸುತ್ತು ಹೋಗಿಬರಬೇಕು, ಏರಿನಲ್ಲಿ ಎಳೆತ ನೋಡಬೇಕು. ಇಂಜಿನ್ ಶುರುವಾಗುತ್ತಲೇ ರೇಡಿಯೊದಲ್ಲೊಂದು ಹಾಡು ಹೊಮ್ಮುತ್ತದೆ. ಹುಡುಗ ತಾನಾಗಿಯೇ ಕೈ ಚಾಚಿ ಅದನ್ನು ಬಂದ್ ಮಾಡುತ್ತಾನೆ.